ಅವನ ಪಾಲಿನ ಕಷಾಯ

ಜುಲೈ 9, ಬುಧವಾರ

ಬಾಳೆಕುಡಿ ಇಟ್ಟ ಹನ್ನೊಂದು ಬಾಟಲಿಗೆ ಮತ್ತೆ ಫಂಗಸ್. ಎಲ್ಲವೂ ಶುಕ್ರವಾರದ ಬ್ಯಾಚ್, ಎಲ್ಲವೂ ನಾನೇ ಕತ್ತರಿಸಿದ್ದು. ಬಾಟಲಿ ಬೇಯಿಸುವ ಆಟೋಕ್ಲೇವ್ ಸರಿ ಇದೆ, ಸ್ಪಿರಿಟ್ ಸರಿ ಇದೆ. ಪಕ್ಕದಲ್ಲೇ ಕೂತು ಡೈನಾ ಕತ್ತರಿಸಿದ ಬಾಟಲಿಗಳಿಗೆ ಏನೂ ಆಗಿಲ್ಲ. ಅಂದರೆ ನನ್ನ ಕೈಯೇ ಕೆಟ್ಟಿದೆ.

"ನಿನ್ನ ಕೈ ಬೆಳ್ಮಣ್‌ನಲ್ಲಿ ಉಂಟು, ತಲೆ ಮಣಿಪಾಲದಲ್ಲಿ ಉಂಟು ಮಾರಾಯ್ತಿ," ಎಂದಳು ಡೈನಾ. ಒಂಬತ್ತು ವರ್ಷದಿಂದ ಒಂದೇ ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ ಇದ್ದೇವೆ. ಅವಳ ಹತ್ತಿರ ಏನನ್ನೂ ಮುಚ್ಚಿಡಲು ಆಗುವುದಿಲ್ಲ.

ಮಧ್ಯಾಹ್ನ ಮತ್ತೆ ಕೂತೆ. ಬಾಳೆಯ ಕಂದು ಹಿಡಿದು ಒಂದೊಂದೇ ಪದರ ಬಿಡಿಸುತ್ತ ಹೋಗುವುದು. ಕೊನೆಗೆ ಅಕ್ಕಿಕಾಳಿನಷ್ಟು ಬಿಳಿ ಕುಡಿ ಉಳಿಯುತ್ತದೆ. ಅದರ ಕೋಶಗಳು ಇನ್ನೂ ಏನೂ ಆಗಿಲ್ಲ – ಎಲೆಯೂ ಅಲ್ಲ, ಬೇರೂ ಅಲ್ಲ. ಬಾಟಲಿಯ ಜೆಲ್ಲಿಗೆ ಒಂದು ಹಾರ್ಮೋನ್ ಹೆಚ್ಚು ಹಾಕಿದರೆ ಚಿಗುರು, ಇನ್ನೊಂದು ಹೆಚ್ಚು ಹಾಕಿದರೆ ಬೇರು. ಒಂದು ಕುಡಿಯಿಂದ ಸಾವಿರ ಗಿಡ ಮಾಡಿ ಕಾರ್ಕಳದ ನರ್ಸರಿಗೆ ಕಳಿಸುತ್ತೇವೆ. ಬಾಳೆಗೆ ಇಷ್ಟು ಸುಲಭ. ತಮ್ಮ ಲಕ್ಷಿತ್‌ನಿಗೆ ಯಾಕೆ ಇಲ್ಲ?

ನಾಲ್ಕು ಗಂಟೆಗೆ ಮಣಿಪಾಲದ ಆಸ್ಪತ್ರೆಯಿಂದ ಡಾ. ಭಾವನಾ ಫೋನ್. "ಹತ್ತಕ್ಕೆ ಹತ್ತು ಮ್ಯಾಚ್ ಆಗಿದೆ ತೃಪ್ತಿ. ನೀವೇ ಡೋನರ್."

ತಮ್ಮನಿಗೆ ಫೆಬ್ರವರಿಯಿಂದ ಲ್ಯುಕೇಮಿಯಾ. ಎರಡು ಸುತ್ತು ಕೀಮೋ ಆಗಿ ಈಗ ಅಡಗಿದೆ, ಸುಮ್ಮನೆ ಬಿಟ್ಟರೆ ಮತ್ತೆ ಏಳುತ್ತದೆ. ಇಪ್ಪತ್ತನಾಲ್ಕು ವರ್ಷದ ಹುಡುಗ ಉಳಿಯಬೇಕಾದರೆ ಹೊಸ ಮಜ್ಜೆ ಬೇಕು. ಆ ಮಜ್ಜೆ ನನ್ನೊಳಗೆ ಇದೆ.

ಬಸ್ಸಿನಲ್ಲಿ ಶಿರ್ವದವರೆಗೂ ಅತ್ತುಬಿಟ್ಟೆ. ಕಂಡಕ್ಟರ್ ಟಿಕೆಟ್ ಕೇಳಲು ಹೆದರಿದ.


ಜುಲೈ 14, ಸೋಮವಾರ

ಆಸ್ಪತ್ರೆಯಲ್ಲಿ ಮೀಟಿಂಗ್. ಅಪ್ಪ, ಅಮ್ಮ, ನಾನು. ಮೀನುಗಾರಿಕೆಗೆ ಮಳೆಗಾಲದ ರಜೆ, ಅಪ್ಪ ಮನೆಯಲ್ಲೇ ಇದ್ದಾರೆ. ಬೋಟು ನಡೆಸುವ ತಾಂಡೇಲ ದೂಮಪ್ಪ, ನನ್ನ ಅಪ್ಪ, ಇಸ್ತ್ರಿ ಹಾಕಿದ ಶರ್ಟ್ ತೊಟ್ಟು ಡಾಕ್ಟರ ಎದುರು ಕೈಕಟ್ಟಿ ಕೂತದ್ದು ನೋಡಿ ಒಂಥರಾ ಆಯಿತು. ಸಮುದ್ರದಲ್ಲಿ ಇಪ್ಪತ್ತು ಜನರಿಗೆ ಜೋರು ಮಾಡುವ ಮನುಷ್ಯ.

ಅಮ್ಮನದ್ದು ನೇರ ಪ್ರಶ್ನೆ. "ಇವಳ ಎಲುಬು ಕೊರೆಯುವುದಾ?"

"ಇಲ್ಲ ಕಮಲಮ್ಮ. ಇಂಜೆಕ್ಷನ್ ಕೊಟ್ಟರೆ ಮಜ್ಜೆಯಲ್ಲಿರುವ ಸ್ಟೆಮ್ ಸೆಲ್ ಹೆಚ್ಚಾಗಿ ರಕ್ತಕ್ಕೆ ಇಳಿದು ಬರ್ತದೆ. ಮೆಷಿನ್‌ನಲ್ಲಿ ರಕ್ತ ಸುತ್ತಿಸಿ ಅದನ್ನು ಮಾತ್ರ ತೆಗೆಯುವುದು. ಅವನಿಗೆ ಡ್ರಿಪ್ ಹಾಕಿದ ಹಾಗೆ ಕೊಡುವುದು."

"ಅವನ ಎಲುಬಿಗೆ ಹೋಗಲಿಕ್ಕೆ ಅದಕ್ಕೆ ದಾರಿ ಗೊತ್ತುಂಟಾ?"

"ಉಂಟು. ಅದೇ ಹುಡುಕಿಕೊಂಡು ಹೋಗ್ತದೆ."

ಅಪ್ಪ ಆಗ ಬಾಯಿ ಬಿಟ್ಟರು. "ಡಾಕ್ಟ್ರೇ, ಅದು ಎಂತ ಬೇಕಾದರೂ ಆಗ್ತದಾ? ಕಣ್ಣು ಆಗ್ತದಾ?"

ನನಗೆ ನಾಚಿಕೆಯಾಯಿತು. ಮಗನ ಜೀವದ ಮಾತಾಡುವಾಗ ಎಂಥ ಪ್ರಶ್ನೆ! ಡಾಕ್ಟರು ಸಮಾಧಾನದಿಂದ ಹೇಳಿದರು – ಮಜ್ಜೆಯ ಕೋಶ ಅರ್ಧ ದಾರಿ ಈಗಾಗಲೇ ಬಂದಾಗಿದೆ. ಕೆಂಪು ರಕ್ತಕಣ ಆಗಬಹುದು, ಬಿಳಿ ಆಗಬಹುದು, ಪ್ಲೇಟ್‌ಲೆಟ್ ಆಗಬಹುದು. ಕಣ್ಣು, ಕಿಡ್ನಿ ಆಗುವುದಿಲ್ಲ. ಎಲ್ಲವೂ ಆಗಬಲ್ಲ ಕೋಶ ಇರುವುದು ಗರ್ಭದಲ್ಲಿ, ಮೊದಲ ಕೆಲವು ದಿನ ಮಾತ್ರ. "ನಿಮ್ಮ ಮಗಳ ಬಾಳೆಗಿಡದ ಹಾಗೆ ಅಲ್ಲ," ಎಂದು ನನ್ನ ಕಡೆ ನೋಡಿ ನಕ್ಕರು. ಅಪ್ಪ ನಗಲಿಲ್ಲ.

ಆಮೇಲೆ ನಿಯಮಗಳು. 21ರಿಂದ ಲಕ್ಷಿತ್‌ನಿಗೆ ದೊಡ್ಡ ಕೀಮೋ. ಅವನ ಮಜ್ಜೆ ಪೂರ್ತಿ ಖಾಲಿಯಾಗುತ್ತದೆ. ನನಗೆ 24ರಿಂದ ಇಂಜೆಕ್ಷನ್, 28ಕ್ಕೆ ಸೆಲ್ ತೆಗೆಯುವುದು.

"21ರ ನಂತರ ಹಿಂದೆ ಬರಲಿಕ್ಕಿಲ್ಲ, ಗೊತ್ತಾಯಿತಲ್ಲ? ನಿಮಗೆ ಏನಾದರೂ ಆದರೆ ಅವನಿಗೆ ಬೇರೆ ಯಾರೂ ಇಲ್ಲ. ಜ್ವರ ಬರಬಾರದು, ಸ್ಕೂಟರಿನಿಂದ ಬೀಳಬಾರದು. ಹೊರಗಿನ ಮದ್ದು, ಕಷಾಯ, ಲೇಹ್ಯ ಯಾವುದೂ ಬೇಡ."

ಸ್ಕೂಟರಿನ ಕೀ ಡೈನಾಗೆ ಕೊಟ್ಟುಬಿಟ್ಟೆ. ಲ್ಯಾಬಿಗೆ ರಜೆ ಬರೆದುಕೊಟ್ಟೆ.


ಜುಲೈ 21, ಸೋಮವಾರ

ಇಂದು ಶುರು. ಗಾಜಿನ ಕೋಣೆ. ನಾವು ಹೊರಗೆ, ಅವನು ಒಳಗೆ, ಮಾತಾಡಲು ಗೋಡೆಗೆ ಒಂದು ಫೋನ್. ನಮ್ಮ ಲ್ಯಾಬಿನಲ್ಲಿ ಕುಡಿ ಕತ್ತರಿಸುವ ಇನಾಕ್ಯುಲೇಶನ್ ರೂಮ್ ನೆನಪಾಯಿತು. ಅಲ್ಲಿ ಫಂಗಸ್ ಬಂದರೆ ಬಾಟಲಿ ಎಸೆಯುತ್ತೇವೆ.

"ಅಕ್ಕ, ನಿನ್ನ ಸೆಲ್ ಬಂದ ಮೇಲೆ ನನಗೂ ನಿನ್ನ ಸಿಟ್ಟು ಬರ್ತದಾ?"

"ಬರ್ತದೆ. ಜೊತೆಗೆ ಸ್ವಲ್ಪ ಬುದ್ಧಿಯೂ ಬರಲಿ."

"ಅದು ಡೋನರ್ ಹತ್ತಿರ ಇದ್ದರೆ ಅಲ್ವಾ ಬರುವುದು?"

ನಕ್ಕ. ಬೋಳು ತಲೆ, ದೊಡ್ಡ ಕಿವಿ. ಮಧ್ಯಾಹ್ನ ಕೀಮೋದ ಮೊದಲ ಚೀಲ ಏರಿತು. ಇನ್ನು ಏಳು ದಿನ. ನಾನು ಎಡವದೆ, ಸೀನದೆ, ಬೀಳದೆ ಇರಬೇಕು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡೇ ಇಳಿದೆ, ಮುದುಕಿಯ ಹಾಗೆ.


ಜುಲೈ 23, ಬುಧವಾರ, ಸಂಜೆ

ನಾಳೆ ಆಟಿ ತಿಂಗಳ ಅಮಾವಾಸ್ಯೆ. ಮನೆಯಲ್ಲಿ ಅದೇ ಮಾತು. ಹೊತ್ತು ಹುಟ್ಟುವ ಮೊದಲು ಹಾಲೆಮರದ ತೊಗಟೆ ತಂದು, ಕಷಾಯ ಮಾಡಿ, ಎಲ್ಲರೂ ಖಾಲಿ ಹೊಟ್ಟೆಗೆ ಕುಡಿಯುವುದು. ವರ್ಷವಿಡೀ ಕಾಯಿಲೆ ಬಾರದು ಎಂದು. ನಾನು ಹಲ್ಲು ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿದ್ದಿಲ್ಲ.

"ಈ ವರ್ಷ ನನಗೆ ಇಲ್ಲ," ಎಂದೆ. ಅಮ್ಮ ಕೇಳಿಸದವರಂತೆ ಒಣಮೀನಿನ ಬುಟ್ಟಿ ಒಳಗೆ ತಂದರು.

ಬೀಚ್ ರೋಡಿನ ನಮ್ಮ ಮಾಮೂಲಿ ಮರ ಮೇ ತಿಂಗಳ ಗಾಳಿಗೆ ಬಿದ್ದಿದೆ. ಅಪ್ಪ ಹೂವಪ್ಪಣ್ಣನ ಗುಡ್ಡೆಯಲ್ಲಿ ಬೇರೆ ಮರ ನೋಡಿ ಬಂದರು. ನಾಳೆ ಕತ್ತಲೆಯಲ್ಲಿ ಗುರುತು ಸಿಗಲಿ ಎಂದು ಹಳೇ ಬಲೆಯ ನೀಲಿ ಪಟ್ಟಿ ಕಟ್ಟಿದ್ದಾರಂತೆ. ಹೂವಪ್ಪಣ್ಣ, ಅಪ್ಪನ ಹಳೇ ಬೋಟಿನ ಜೊತೆಗಾರ, ತಾನೂ ಬರುತ್ತೇನೆ ಎಂದನಂತೆ. ಅಪ್ಪ ಬೇಡ ಎಂದರಂತೆ. ಅದಕ್ಕೆ ಒಬ್ಬರೇ ಹೋಗಬೇಕು, ಕಬ್ಬಿಣ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು, ಹಾಗೆ ಹೀಗೆ.

"ಹಿಂದಿನವರು ಬತ್ತಲೆ ಹೋಗ್ತಿದ್ರಂತೆ ಅಲ್ವಾ ಅಪ್ಪ?"

"ನಾನು ಬೈರಾಸು ಸುತ್ತಿಕೊಂಡು ಹೋಗ್ತೇನೆ. ಪೊಲೀಸ್‌ನವರ ಕಾಲ ಇದು."

ಎಷ್ಟೋ ದಿನದ ಮೇಲೆ ಮನೆಯಲ್ಲಿ ನಗು.


ಜುಲೈ 24, ಗುರುವಾರ, ಬೆಳಿಗ್ಗೆ 8.20, ಬಸ್ಸಿನಲ್ಲಿ

ಮಾಡಬಾರದ್ದು ಮಾಡಿ ಬಂದಿದ್ದೇನೆ.

ಆರು ಗಂಟೆಗೆ ಎದ್ದು ಬಂದರೆ ಅಡಿಗೆ ಮನೆಯಲ್ಲಿ ಕಷಾಯ ಇಳಿಸಿ ಆಗಿತ್ತು. ಬೆಳ್ಳುಳ್ಳಿ, ಕಾಳುಮೆಣಸು, ಓಮದ ವಾಸನೆ. ಕಾಯಿಸಿದ ಬಿಳಿಕಲ್ಲು ಹಾಕಿ ಚುಂಯ್ ಅನ್ನಿಸಿದ್ದೂ ಮುಗಿದಿತ್ತು. ಅಪ್ಪ ಕುಡಿದಿದ್ದರು, ಅಮ್ಮ ಕುಡಿದಿದ್ದರು. ಒಲೆಯ ಪಕ್ಕ ಒಂದು ಸಣ್ಣ ಫ್ಲಾಸ್ಕ್.

"ಅದು ಯಾರಿಗೆ?"

"ಲಕ್ಷಿತ್‌ಗೆ. ಎರಡು ಚಮಚ ಸಾಕು. ನರ್ಸ್ ಆಚೆ ಹೋದಾಗ ಮೆಲ್ಲ ಒಳಗೆ ಹೋಗಿ ಬಾಯಿಗೆ ಬಿಟ್ಟರೆ ಆಯಿತು."

ತಲೆಗೆ ಬೆಂಕಿ ಬಿತ್ತು. ಅವನಿಗೆ ಕುದಿಸಿದ ನೀರೂ ಅಳೆದು ಕೊಡುತ್ತಾರೆ! ಕೂಗಾಡಿದೆ. ಅಮ್ಮನೂ ಕೂಗಿದರು. "ನಿನ್ನ ಡಾಕ್ಟ್ರು ಹುಟ್ಟುವ ಮೊದಲಿನ ಮದ್ದು ಇದು. ಅವನಿಗೆ ಮಾತ್ರ ಇಲ್ಲದೆ ನಾವು ಹೇಗೆ ಕುಡಿಯುವುದು? ಮನೆಯಲ್ಲಿ ಅವನೊಬ್ಬನನ್ನು ಲೆಕ್ಕದಿಂದ ಬಿಟ್ಟ ಹಾಗೆ ಆಗ್ತದೆ." ಹೇಳುತ್ತ ಹೇಳುತ್ತ ಅತ್ತರು. ಫೆಬ್ರವರಿಯಿಂದ ಒಂದು ದಿನವೂ ಅತ್ತವರಲ್ಲ.

ಅಪ್ಪ ಮೆಲ್ಲ ಹೇಳಿದರು, "ಇವಳ ರಕ್ತ ಅಲ್ವಾ ಅವನಿಗೆ ಹೋಗುವುದು? ಇವಳು ಕುಡಿದರೆ ಅವನು ಕುಡಿದ ಹಾಗೆ."

ಇಬ್ಬರೂ ನನ್ನ ಮುಖ ನೋಡಿದರು. ಫ್ಲಾಸ್ಕ್ ಎತ್ತಿ ಅವನ ಪಾಲು ಕುಡಿದೆ. ಅಮ್ಮ ಕಣ್ಣು ಒರೆಸಿಕೊಂಡು ನನ್ನ ಪಾಲಿನ ಲೋಟ ಮುಂದೆ ಹಿಡಿದರು. ಅದನ್ನೂ ಕುಡಿದೆ. ಸಿಟ್ಟಿಗೋ, ಪಾಪ ಅನ್ನಿಸಿಯೋ, ಅಭ್ಯಾಸಕ್ಕೋ... ಈಗ ಯೋಚಿಸಿದರೆ ಗೊತ್ತಾಗುವುದಿಲ್ಲ. ಆಮೇಲೆ ಮೆಂತ್ಯೆ ಗಂಜಿ ಕೊಟ್ಟರು.

ಎಂ.ಎಸ್ಸಿ. ಬಾಟನಿ, ಫಸ್ಟ್ ಕ್ಲಾಸ್. ಬುದ್ಧಿ ಮಾತ್ರ ನಾಸ್ತಿ.

ಅದೇ ದಿನ, ಮಧ್ಯಾಹ್ನ

ಮೊದಲ ಇಂಜೆಕ್ಷನ್ ಆಯಿತು, ಹೊಟ್ಟೆಗೆ. ಅದಕ್ಕಿಂತ ಮೊದಲು ಒಂದು ಫಾರ್ಮ್. ಕಳೆದ ನಲವತ್ತೆಂಟು ಗಂಟೆಯಲ್ಲಿ ಯಾವುದೇ ಔಷಧಿ, ನಾಟಿಮದ್ದು, ಕಷಾಯ? ಹೌದು, ಇಲ್ಲ.

ಬರೆಯಲೇಬೇಕೆಂದು ಪೆನ್ ಎತ್ತಿದೆ. ಹೌದು ಎಂದರೆ ಏನು ಮಾಡುತ್ತಾರೆ? ನನ್ನನ್ನು ಬೇಡ ಎಂದರೆ? ಒಳಗೆ ಅವನ ಮಜ್ಜೆ ನಾಲ್ಕು ದಿನದಿಂದ ಸಾಯುತ್ತಿದೆ. 'ಇಲ್ಲ' ಎಂಬಲ್ಲಿ ಗುರುತು ಹಾಕಿದೆ. ಸಹಿ ಹಾಕಿದೆ. ಬರೀ ಹಾಲೆ ತೊಗಟೆ ತಾನೇ. ಊರಿಡೀ ಕುಡಿದಿದೆ.


ಜುಲೈ 25, ಶುಕ್ರವಾರ

ಸೊಂಟ, ಬೆನ್ನು, ಎದೆಯ ನಡುಮೂಳೆ – ಒಳಗಿನಿಂದ ನೋವು. ಇಂಜೆಕ್ಷನ್ನಿಗೆ ಹೀಗಾಗುತ್ತದೆ, ಮಜ್ಜೆ ಕೆಲಸ ಮಾಡುತ್ತಿದೆ ಎಂದೇ ಅರ್ಥ, ಎಂದಿದ್ದರು. ನಂಬಿದ್ದೆ. ಹನ್ನೊಂದು ಗಂಟೆಯವರೆಗೆ.

ಆಗ ವಾಟ್ಸಾಪಿನಲ್ಲಿ ಬಂತು. ಎಲ್ಲೋ ಒಂದು ಮನೆಯಲ್ಲಿ ಹಾಲೆ ಎಂದು ಕಾಸರಕದ ತೊಗಟೆ ಕುಡಿದು ಮೂವರು ಐಸಿಯುನಲ್ಲಿ. ಇಂಥ ಸುದ್ದಿ ಆಗಾಗ ಕೇಳಿದ್ದೇ. ಕಾಸರಕ ವಿಷದ ಮರ. ಮೈ ಸೆಟೆಯುತ್ತದೆ, ದವಡೆ ಬಿಗಿಯುತ್ತದೆ. ಪ್ರತಿ ವರ್ಷ ಓದಿ 'ಅಯ್ಯೋ ಪಾಪ, ಮರ ಗೊತ್ತಿಲ್ಲದವರು' ಎಂದು ಮುಂದೆ ಹೋಗುತ್ತಿದ್ದೆ.

ಅಪ್ಪನನ್ನು ಕೇಳಿದೆ. "ಜಜ್ಜುವಾಗ ಹಾಲು ಬಂತಾ?" ಹಾಲೆಮರಕ್ಕೆ ಗಾಯವಾದರೆ ಬಿಳಿ ಹಾಲು ಒಸರುತ್ತದೆ, ಕಾಸರಕಕ್ಕೆ ಇಲ್ಲ.

"ಆ ಮಳೆಯಲ್ಲಿ ಹಾಲು ಯಾವುದು, ನೀರು ಯಾವುದು! ನೀಲಿ ಪಟ್ಟಿ ಕೈಗೆ ಸಿಕ್ಕಿತು. ಸಾಕಲ್ವಾ?"

ಸಾಕು. ವಿಷವಾಗಿದ್ದರೆ ನಿನ್ನೆಯೇ ಬಿದ್ದಿರುತ್ತಿದ್ದೆವು. ಓದಿದವಳು ನಾನು, ಲೆಕ್ಕ ನನಗೆ ಗೊತ್ತಿದೆ. ಆದರೂ ಆಗಿನಿಂದ ದವಡೆ ತೆರೆದು ಮುಚ್ಚಿ ನೋಡುತ್ತಿದ್ದೇನೆ. ಈಗ ದವಡೆಯೂ ನೋಯುತ್ತಿದೆ, ತೆರೆದು ಮುಚ್ಚಿಯೇ ಇರಬೇಕು.

ಎರಡನೇ ಇಂಜೆಕ್ಷನ್ ಕೊಡುವಾಗ ಟ್ರಾನ್ಸ್‌ಪ್ಲಾಂಟ್ ವಾರ್ಡಿನ ನರ್ಸ್ ಅಲೆಕ್ಸ್ ಕೇಳಿದ, "ಏನಾದರೂ ತೊಂದರೆ ಉಂಟಾ ಅಕ್ಕ?"

"ಇಲ್ಲ." ಎರಡನೇ ಇಲ್ಲ.


ಜುಲೈ 26, ಶನಿವಾರ

ಮೂಳೆನೋವಿನಲ್ಲಿ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಇಂಜೆಕ್ಷನ್ ಮುಗಿಸಿ ಬಂದವಳೇ ರಿಕ್ಷಾ ಮಾಡಿಕೊಂಡು ಹೂವಪ್ಪಣ್ಣನ ಗುಡ್ಡೆಗೆ ಹೋದೆ. ಅಪ್ಪನೂ ಬಂದರು. ಬೇಡ ಎಂದರೂ ಬಂದರು.

ನೀಲಿ ಪಟ್ಟಿ ದೂರದಿಂದಲೇ ಕಂಡಿತು. ಎಲೆ ಎಣಿಸಿದೆ. ಒಂದು ಗಂಟಿಗೆ ಏಳು, ಸುತ್ತಲೂ, ಛತ್ರಿಯ ಕಡ್ಡಿಗಳ ಹಾಗೆ. ಹಾಲೆಯೇ. ಕಾಂಡದ ಮೇಲೆ ಜಜ್ಜಿದ ಗಾಯ, ಪಕ್ಕದಲ್ಲಿ ಒಣಗಿದ ಹಾಲಿನ ಗೆರೆ. ಉಗುರಿನಿಂದ ಕೆರೆದೆ, ಹೊಸ ಹಾಲು ಬಂತು. ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ. ಗಾಯದ ಅಂಚಿನಲ್ಲಿ ತೆಳ್ಳಗೆ ಹಸಿ ಪದರ ಹೊಳೆಯುತ್ತಿತ್ತು. ಮರ ತನ್ನ ಎಳೆಯ ಕೋಶಗಳನ್ನು ಇಡುವುದು ಅಲ್ಲೇ. ಒಂದು ಕೋಶ ಒಡೆದು ಒಳಗೆ ಬಿದ್ದದ್ದು ಮರವಾಗುತ್ತದೆ, ಹೊರಗೆ ಬಿದ್ದದ್ದು ತೊಗಟೆಯಾಗುತ್ತದೆ. ವರ್ಷದೊಳಗೆ ಗಾಯ ಮುಚ್ಚುತ್ತದೆ. ಎಷ್ಟು ಹಗುರ ಅನ್ನಿಸಿತು!

ಏಳುವಾಗ ಆಸರೆಗೆ ಪಕ್ಕದ ಮರ ಹಿಡಿದೆ. ಕೈಗೆ ಒರಟು ಹತ್ತಿತು.

ಅದಕ್ಕೂ ಗಾಯ. ಅಂಗೈ ಅಗಲ, ಹೊಸತು, ಕಲ್ಲಿನಿಂದ ಜಜ್ಜಿದ್ದೇ. ಕೆರೆದರೆ ಹಾಲು ಇಲ್ಲ. ತಲೆ ಎತ್ತಿದೆ. ಎದುರುಬದುರು ಜೋಡಿ ಎಲೆ, ಗುಂಡಗೆ, ಹೊಳಪು, ಬುಡದಿಂದ ಐದು ನರ.

ಕಾಸರಕ.

"ಅಪ್ಪ, ಇದನ್ನೂ ಜಜ್ಜಿದ್ದೀರಾ?"

ಅಪ್ಪ ಹತ್ತಿರ ಬಂದು ಗಾಯದ ಮೇಲೆ ಕೈ ಆಡಿಸಿದರು. "ಮೊದಲು ಇಲ್ಲಿ ಶುರು ಮಾಡಿದ್ದೆ. ಆಮೇಲೆ ತಡವಿದಾಗ ಪಟ್ಟಿ ಇಲ್ಲ. ಆಚೆ ಮರಕ್ಕೆ ಹೋದೆ."

"ಇದರ ತೊಗಟೆ ಎಸೆದಿರಾ?"

ಇಲ್ಲ ಎಂದು ತಲೆ ಆಡಿಸಿದರು.

ಆಮೇಲೆ ನಾನು ಆಡಿದ ಮಾತನ್ನು ಇಲ್ಲಿ ಬರೆಯಲು ಇಷ್ಟವಿಲ್ಲ. ಮಗನನ್ನು ಕೊಲ್ಲಲು ಹೊರಟಿದ್ದೀರಿ ಎಂದೆ. ಇನ್ನೂ ಕೆಟ್ಟದ್ದನ್ನೂ ಹೇಳಿದೆ. ರಿಕ್ಷಾದವನು ಮುಖ ತಿರುಗಿಸಿಕೊಂಡ. ಮನೆಗೆ ಬಂದಾಗ ಅಮ್ಮ ಒಪ್ಪಿಕೊಂಡರು – ಗುರುವಾರ ಮಧ್ಯಾಹ್ನ ತಮಗೆ ಎರಡು ಸಲ ವಾಂತಿಯಾಗಿತ್ತು, ಕಾಲು ಸೆಳೆದಿತ್ತು. "ನಿನಗೆ ಹೇಳಿದರೆ ಹೆದರ್ತಿ ಅಂತ ಹೇಳಲಿಲ್ಲ."

ಎಲ್ಲರೂ ಎಲ್ಲರಿಂದ ಮುಚ್ಚಿಟ್ಟದ್ದೇ.

ಎರಡೂ ಮರದ ಎಲೆ, ತೊಗಟೆ ಬಾಟಲಿಗೆ ಹಾಕಿ ಮತ್ತೆ ಮಣಿಪಾಲಕ್ಕೆ ಹೋದೆ. ಡಾ. ಭಾವನಾ ಮನೆಗೆ ಹೊರಟಿದ್ದರು, ಲಿಫ್ಟಿನ ಎದುರು ಹಿಡಿದೆ. ಎಲ್ಲ ಹೇಳಿದೆ. ಫ್ಲಾಸ್ಕ್, ಲೋಟ, ಫಾರ್ಮ್. ಅವರು ಬಾಟಲಿ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

"ಗುರುವಾರ ಹೇಳಿದ್ದರೆ ಇಂಜೆಕ್ಷನ್ ಒಂದು ದಿನ ತಡೆದು, ನಿಮ್ಮನ್ನು ಇಲ್ಲೇ ಇಟ್ಟು ನೋಡ್ತಿದ್ದೆವು. ಅಷ್ಟೇ ಮಾಡ್ತಿದ್ದದ್ದು. ನಿಮ್ಮನ್ನು ಬೇಡ ಅಂತ ಯಾರೂ ಹೇಳ್ತಿರಲಿಲ್ಲ ತೃಪ್ತಿ. ಬೇರೆ ಯಾರಿದ್ದಾರೆ ಅವನಿಗೆ?"

ಬೈದಿದ್ದರೆ ಚೆನ್ನಾಗಿತ್ತು.

ಅಪ್ಪ ಅಮ್ಮನನ್ನೂ ಕರೆಸಿದರು. ಮೂವರ ರಕ್ತವೂ ತೆಗೆದರು. ನನ್ನನ್ನು ಅಡ್ಮಿಟ್ ಮಾಡಿದ್ದಾರೆ. ತಮ್ಮ ಐದನೇ ಮಾಳಿಗೆಯಲ್ಲಿ, ನಾನು ಮೂರನೆಯದರಲ್ಲಿ.


ಜುಲೈ 27, ಭಾನುವಾರ

ನನ್ನ ಕಿಡ್ನಿ ಸರಿ ಇದೆ. ಲಿವರಿನ ಒಂದು ನಂಬರ್ ಸ್ವಲ್ಪ ಮೇಲೆ. "ಸೋಮವಾರ ತೆಗೆಯುತ್ತೇವೆ. ಕಾಯಲಿಕ್ಕೆ ಅವನ ಹತ್ತಿರ ದಿನ ಇಲ್ಲ," ಎಂದರು. ಅಮ್ಮ, ಅಪ್ಪನ ರಿಪೋರ್ಟ್ ಕೂಡ ಪರವಾಗಿಲ್ಲ.

ಲಕ್ಷಿತ್ ಫೋನ್ ಮಾಡಿದ. ಬಾಯಿ ತುಂಬ ಹುಣ್ಣು, ಮಾತು ಸರಿ ಬರುವುದಿಲ್ಲ. "ನಾಳೆ ನೀನು ಬರ್ತಿಯಲ್ಲ ಅಕ್ಕ, ಚೀಲದಲ್ಲಿ."

ಅವನಿಗೆ ಯಾರೂ ಏನೂ ಹೇಳಿಲ್ಲ.


ಜುಲೈ 28, ಸೋಮವಾರ

ಎರಡೂ ಕೈಗೆ ಸೂಜಿ. ಒಂದರಿಂದ ರಕ್ತ ಹೊರಗೆ, ಮೆಷಿನ್ ಸುತ್ತಿ, ಇನ್ನೊಂದರಿಂದ ಒಳಗೆ. ನಾಲ್ಕೂವರೆ ಗಂಟೆ. ತುಟಿ ಜುಮ್ ಅನ್ನುತ್ತಿತ್ತು. ಮೂಗು ತುರಿಸಿದರೆ ಅಲೆಕ್ಸ್‌ನನ್ನೇ ಕರೆಯಬೇಕು. ಮೇಲೆ ಚೀಲದಲ್ಲಿ ಟೊಮೆಟೊ ಸಾರಿನ ಬಣ್ಣದ್ದು ತೊಟ್ಟು ತೊಟ್ಟಾಗಿ ತುಂಬುತ್ತಿತ್ತು. ಅದನ್ನೇ ನೋಡುತ್ತಾ ಮಲಗಿದ್ದೆ. ಬಾ, ಇನ್ನೂ ಬಾ ಎಂದು ಮನಸ್ಸಿನಲ್ಲೇ ಕರೆಯುತ್ತಿದ್ದೆ.

ಐದು ಗಂಟೆಗೆ ಲೆಕ್ಕ ಬಂತು. ಅವನ ತೂಕದ ಕೆ.ಜಿ.ಗೆ ನಾಲ್ಕು ಮಿಲಿಯನ್ ಬೇಕು. ಸಿಕ್ಕಿದ್ದು ಒಂದು ಪಾಯಿಂಟ್ ಏಳು.

"ಕಷಾಯದಿಂದವಾ ಡಾಕ್ಟ್ರೇ?"

"ಹಾಗೆ ಹೇಳಲಿಕ್ಕಾಗುವುದಿಲ್ಲ. ಕೆಲವರಿಗೆ ಮೊದಲ ದಿನ ಕಡಿಮೆಯೇ ಬರ್ತದೆ."

ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಇನ್ನು ಜೀವಮಾನ ಪೂರ್ತಿ ಹೀಗೇ ಇರುತ್ತದೆ ಇದು.


ಜುಲೈ 29, ಮಂಗಳವಾರ

ಮತ್ತೆ ಸೂಜಿ, ಮತ್ತೆ ನಾಲ್ಕೂವರೆ ಗಂಟೆ. ಇಂದು ಎರಡು ಪಾಯಿಂಟ್ ಎರಡು. ಒಟ್ಟು ಮೂರು ಪಾಯಿಂಟ್ ಒಂಬತ್ತು. "ಸಾಕು," ಎಂದರು.

ಸಂಜೆ ಎರಡನೇ ಚೀಲ ಅವನಿಗೆ ಏರಿಸುವುದನ್ನು ಗಾಜಿನ ಹೊರಗಿಂದ ನೋಡಿದೆ. ಇಪ್ಪತ್ತು ನಿಮಿಷ. ಇಷ್ಟೆಲ್ಲ ಆದದ್ದು ಇಪ್ಪತ್ತು ನಿಮಿಷಕ್ಕೆ. ಅಮ್ಮ ಕೈಮುಗಿದು ನಿಂತಿದ್ದರು.

ಅಪ್ಪ ಬಂದಿಲ್ಲ. ಶನಿವಾರ ರಕ್ತ ಕೊಟ್ಟು ಹೋದವರು ಆಸ್ಪತ್ರೆಯ ಮೆಟ್ಟಿಲು ಮತ್ತೆ ಹತ್ತಿಲ್ಲ.


ಆಗಸ್ಟ್ 1, ಶುಕ್ರವಾರ

ರಜೆ ಮುಗಿಯಿತು, ಮಲ್ಪೆಯಿಂದ ಬೋಟುಗಳು ಹೊರಟವು. ಅಪ್ಪ ಹೋಗಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ. ಮಾಲೀಕರು ಎರಡು ಸಲ ಫೋನ್ ಮಾಡಿದರು. "ಈ ವರ್ಷ ಬೇರೆ ತಾಂಡೇಲನನ್ನು ನೋಡಿ," ಎಂದುಬಿಟ್ಟರಂತೆ.

ನನ್ನ ಮಾತಿಗೇ ಹೀಗೆ ಕೂತಿದ್ದಾರೆ. ಮಾತಾಡಿಸಬೇಕು. ಬಾಗಿಲ ತನಕ ಹೋಗಿ ವಾಪಸು ಬಂದೆ. ನನಗಿನ್ನೂ ಸಿಟ್ಟು ಇಳಿದಿಲ್ಲ. ಸಿಟ್ಟೂ ಇದೆ, ನಾಚಿಕೆಯೂ ಇದೆ, ಎರಡೂ ಒಟ್ಟಿಗೆ ಬಾಯಿಗೆ ಬಂದರೆ ಏನು ಹೇಳುತ್ತೇನೋ ಗೊತ್ತಿಲ್ಲ.


ಆಗಸ್ಟ್ 8, ಶುಕ್ರವಾರ

ಹತ್ತನೇ ದಿನ. ಬಿಳಿ ರಕ್ತಕಣ ಸೊನ್ನೆ. ನಿನ್ನೆ ಸೊನ್ನೆ, ಮೊನ್ನೆ ಸೊನ್ನೆ. ಜ್ವರ ನೂರಾ ಎರಡು. ಆ್ಯಂಟಿಬಯೋಟಿಕ್ ಬದಲಿಸಿದ್ದಾರೆ. ಅವನು ಫೋನ್ ಎತ್ತಲಿಲ್ಲ, ಕೈ ಸ್ವಲ್ಪ ಆಡಿಸಿದ.

ನನ್ನ ಕೋಶಗಳು ಎಲ್ಲಿವೆ? ರಕ್ತದಲ್ಲಿ ಅಲೆಯುತ್ತಿವೆಯೋ? ದಾರಿ ಸಿಕ್ಕಿತೋ? ಎಲುಬಿನೊಳಗೆ ಸೇರಿ, ಬೇರು ಬಿಟ್ಟು, ಒಂದು ಎರಡಾಗಿ, ಎರಡು ನಾಲ್ಕಾಗಿ, ಆಮೇಲೆ ಇದು ಕೆಂಪು, ಇದು ಬಿಳಿ ಎಂದು ಬೇರೆ ಬೇರೆಯಾಗಬೇಕು. ಬಾಟಲಿಯಾಗಿದ್ದರೆ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದೆ.

ಡೈನಾ ಬಂದಿದ್ದಳು. "ಎಷ್ಟೋ ಕುಡಿ ಎರಡು ವಾರ ಸತ್ತ ಹಾಗೆ ಕೂತು ಆಮೇಲೆ ಹಸಿರಾಗುವುದಿಲ್ವಾ?" ಎಂದಳು. ಹೌದು. ಹಸಿರಾಗದೆ ಕಪ್ಪಾದದ್ದೂ ಎಷ್ಟೋ ಇವೆ.


ಆಗಸ್ಟ್ 10, ಭಾನುವಾರ

ಸೊನ್ನೆ.


ಆಗಸ್ಟ್ 11, ಸೋಮವಾರ

ನೂರಾ ಎಂಬತ್ತು!

ಅಲೆಕ್ಸ್ ಮೂರು ಸಲ ಹೇಳಬೇಕಾಯಿತು. ಯಂತ್ರದ ತಪ್ಪಿರಬಹುದು ಎಂದೆ. "ಅಕ್ಕ, ನಿಮಗೆ ಒಳ್ಳೆಯ ಸುದ್ದಿ ಹೇಳಿದರೂ ಜಗಳವಾ?" ಎಂದ. ಐನೂರು ದಾಟಿದರೆ ನಾಟಿಕೊಂಡಿತು ಎಂದು ಅರ್ಥ. ಜ್ವರ ಇಳಿದಿದೆ.

ಮನೆಗೆ ಬಂದು ನೇರ ಅಪ್ಪನ ಎದುರು ನಿಂತೆ. "ನಾಳೆ ನೀವು ಬರಬೇಕು."

"ನಾನು ಬಂದು ಎಂತ ಮಾಡುವುದು ಮಗಳೇ?"

"ಅವನು ಕೇಳ್ತಾ ಇದ್ದಾನೆ. ಮತ್ತೆ... ನಾನು ಆವತ್ತು ಹಾಗೆಲ್ಲ ಹೇಳಬಾರದಿತ್ತು."

"ನೀನು ಹೇಳಿದ್ದು ಸರಿಯೇ," ಎಂದರು ಅಪ್ಪ. ಬರುತ್ತೇನೆ ಎಂದರು.


ಆಗಸ್ಟ್ 12, ಮಂಗಳವಾರ, ಆಸ್ಪತ್ರೆಯ ಬೆಂಚಿನಲ್ಲಿ

ಆರುನೂರಾ ನಲವತ್ತು.

ನಾಟಿಕೊಂಡಿದೆ. ಡಾ. ಭಾವನಾ ತಾವೇ ಬಂದು ಹೇಳಿದರು. ಇನ್ನೂ ಎರಡು ದಿನ ನೋಡಬೇಕು, ಮುಂದೆ ತಿಂಗಳುಗಟ್ಟಲೆ ಜಾಗ್ರತೆ ಇರಬೇಕು, ಎಲ್ಲ ಹೇಳಿದರು. ನನಗೆ ಕೇಳಿಸಿದ್ದು ಆ ಒಂದು ಸಂಖ್ಯೆ. ಅಮ್ಮ ಅವರ ಎರಡೂ ಕೈ ಹಿಡಿದುಕೊಂಡರು, ಬಿಡಲೇ ಇಲ್ಲ.

ಅಪ್ಪ ಕೇಳಿದರು, "ಅದು ಇವಳದ್ದಾ, ಅವನದ್ದಾ?"

"ಇವಳಿಂದ ಬಂದದ್ದು. ಇನ್ನು ಅವನದ್ದೇ."

ಅಪ್ಪ ಗಾಜಿನ ಎದುರು ಹೋಗಿ ನಿಂತರು. ಲಕ್ಷಿತ್ ಎದ್ದು ಕೂತಿದ್ದ, ಎರಡು ವಾರದಲ್ಲಿ ಮೊದಲ ಸಲ. ಫೋನ್ ನಾನು ಅಪ್ಪನ ಕಿವಿಗೆ ಹಿಡಿದೆ. ಅವನ ಸ್ವರ ನನಗೂ ಕೇಳುತ್ತಿತ್ತು.

"ಅಪ್ಪ, ಇಷ್ಟು ದಿನ ಎಲ್ಲಿ ಹೋದದ್ದು ನೀವು?"

"ಇಲ್ಲೇ ಇದ್ದೆ ಮಗ."

"ನಾನು ಹೇಗೆ ಕಾಣ್ತೇನೆ?"

"ಚೆನ್ನಾಗಿ ಕಾಣ್ತಿ. ಮುಖ ತುಂಬಿಕೊಂಡಿದೆ."

ಮುಖ ತುಂಬಿಕೊಂಡಿಲ್ಲ. ಕೆನ್ನೆಯ ಎಲುಬು ಎದ್ದು ನಿಂತಿದೆ. ಲಕ್ಷಿತ್ ಅಪ್ಪನನ್ನೇ ನೋಡಿದ. ಆಮೇಲೆ ನಿಧಾನವಾಗಿ ಕೈ ಎತ್ತಿ ಎರಡು ಬೆರಳು ತೋರಿಸಿದ.

"ಎಷ್ಟು ಅಪ್ಪ?"

ನಾನು ಪಕ್ಕದಲ್ಲೇ ಇದ್ದೆ. ಕಿವಿಯಲ್ಲಿ ಹೇಳಿಕೊಡಬಹುದಿತ್ತು. ಹೇಳಿಕೊಡಲಿಲ್ಲ. ಅಪ್ಪ ಹಣೆಯನ್ನು ಗಾಜಿಗೆ ಒತ್ತಿ ನೋಡಿದರು. ತಲೆ ಆಚೆ ಈಚೆ ತಿರುಗಿಸಿ ನೋಡಿದರು. ಗಾಜಿನ ಮೇಲೆ ಅವರ ಉಸಿರು ಕಟ್ಟಿತು, ಅಂಗೈಯಿಂದ ಒರೆಸಿ ಮತ್ತೆ ನೋಡಿದರು.

"ಕಾಣುವುದಿಲ್ಲ ಮಗ," ಎಂದರು. "ಹೋದ ವರ್ಷ ದೀಪಾವಳಿಯಿಂದಲೇ ಸರಿ ಕಾಣುವುದಿಲ್ಲ. ಬೋಟಿನಲ್ಲಿ ಗೊತ್ತಾದರೆ ಇಳಿಸಿಬಿಡ್ತಾರೆ ಅಂತ ಯಾರಿಗೂ ಹೇಳಲಿಲ್ಲ. ಈಗ ನೀನು ಎಲ್ಲಿ ಕೂತಿದ್ದಿ ಅಂತಲೂ ನನಗೆ..."

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಒಳಗೆ ಲಕ್ಷಿತ್ ಡ್ರಿಪ್ ಸ್ಟ್ಯಾಂಡ್ ಎಳೆದುಕೊಂಡು ಹಾಸಿಗೆಯಿಂದ ಇಳಿದ. ಅಲೆಕ್ಸ್ ಬೇಡ ಬೇಡ ಎನ್ನುತ್ತಾ ಓಡಿ ಬಂದ. ಇವನು ಕೇಳಲಿಲ್ಲ, ಗಾಜಿನ ತನಕ ನಡೆದು ಬಂದು ಅಪ್ಪನ ಅಂಗೈ ಇದ್ದ ಜಾಗದಲ್ಲೇ ಆಚೆಯಿಂದ ಕೈ ಇಟ್ಟ. "ಇಲ್ಲಿ, ಅಪ್ಪ. ಇಲ್ಲಿ," ಎಂದ.

ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಹೊರಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಕತ್ತಲಲ್ಲಿ, ಮಳೆಯಲ್ಲಿ, ಆ ಜಾರುವ ಗುಡ್ಡೆ ಹತ್ತಿ, ಕೈಯಿಂದ ಮರ ಮರ ತಡವುತ್ತಾ, ಮಗನಿಗೋಸ್ಕರ ಒಬ್ಬರೇ ಹೋದವರು. ಅದನ್ನು ನಾನು ಕೊಲ್ಲುವುದು ಎಂದು –

ಅಮ್ಮ ಕರೆಯುತ್ತಿದ್ದಾರೆ. ಅಪ್ಪನಿಗೆ ಮೆಟ್ಟಿಲು ಇಳಿಯಬೇಕಂತೆ. ಹೋಗಿ ಕೈ ಹಿಡಿಯಬೇಕು.